ನಾನು ಹೋಗುವುದಿಲ್ಲ ಎಂದು ಮಗು ಹೇಳಿದರೆ



ಗಂಡ ಹೆಂಡತಿ ಬೇರೆಯಾಗಿದ್ದಾರೆ. ಮಗು ತಾಯಿಯ ಬಳಿ ಇದೆ. ತಿಂಗಳಿಗೆ ಎರಡು ಶನಿವಾರ ತಂದೆಯ ಜತೆ ಕಳುಹಿಸಬೇಕೆಂದು ಕೋರ್ಟಿನ ಆದೇಶ. ಶನಿವಾರ ಬಂತೆಂದರೆ ಮಗು ದಾರಂದ ಹಿಡಿದು ನಿಂತು, "ನಾನು ಹೋಗುವುದಿಲ್ಲ" ಎನ್ನುತ್ತದೆ. "ನೀನೇ ಹೇಳಿಕೊಟ್ಟದ್ದು" ಎಂದು ತಂದೆ ತಾಯಿಯನ್ನು ದೂರುತ್ತಾನೆ. "ನೀನು ಮಾಡಿದ್ದರ ಫಲ" ಎಂದು ತಾಯಿ ಹೇಳುತ್ತಾಳೆ. ಏಕೆ ಹೋಗುವುದಿಲ್ಲವೆಂದು ಮಗುವನ್ನು ಕೇಳುವವರು ಕಡಿಮೆ.

ನಮ್ಮ ಕಾಸರಗೋಡಿನ ಕಡೆ ಅಳಿಯಕಟ್ಟು, ಮರುಮಕ್ಕತ್ತಾಯ ಇದ್ದ ಕುಟುಂಬಗಳಲ್ಲಿ ಹಿಂದೆ ಮಗು ತಾಯಿಯ ತರವಾಡಿಗೆ ಸೇರಿದ್ದು, ಸೋದರಮಾವನೇ ಹಿರಿಯ. ದಂಪತಿ ಬೇರೆಯಾದರೂ ಮಗುವಿನ ಮನೆ ಬದಲಾಗುತ್ತಿರಲಿಲ್ಲ. ಅದರಲ್ಲಿ ಎಷ್ಟೋ ಮಕ್ಕಳು ತಂದೆಯನ್ನು ಕಳೆದುಕೊಂಡರು ಎಂಬುದೂ ನಿಜ. ಕೇರಳದಲ್ಲಿ 1976ರ ಡಿಸೆಂಬರಿನಿಂದ ಕಾನೂನಿನ ಮಟ್ಟಿಗೆ ಆ ಕೂಡುಕುಟುಂಬವೇ ಇಲ್ಲ. ಈಗಿನ ಜಗಳ ಕುಟುಂಬ ನ್ಯಾಯಾಲಯಕ್ಕೆ ಹೋಗುತ್ತದೆ. 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯಿದೆಯಲ್ಲೇ, ತಿಳಿದು ಹೇಳುವಷ್ಟು ಬೆಳೆದ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಪರಿಗಣಿಸಬಹುದೆಂದು ಇದೆ. ಪರಿಗಣಿಸಬಹುದು ಅಷ್ಟೆ, ಮಗು ಹೇಳಿದ್ದೇ ತೀರ್ಪಲ್ಲ.

ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳನ್ನು ನೋಡಿ. 2012ರಲ್ಲಿ, ತಂದೆಯ ಬಳಿ ಇದ್ದ ಇಬ್ಬರು ಹೆಣ್ಣುಮಕ್ಕಳು ತಾಯಿಯನ್ನು ನೋಡಲು ಒಪ್ಪಲಿಲ್ಲ. ನ್ಯಾಯಾಧೀಶರು ಅವರೊಡನೆ ತಾವೇ ಮಾತಾಡಿ, ಒತ್ತಾಯ ಸಲ್ಲದೆಂದು ತೀರ್ಮಾನಿಸಿದರು. 2017ರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ತಂದೆಯನ್ನು ಬಿಟ್ಟು ತಾಯಿಯ ಬಳಿ ಹೋಗಲಾರೆನೆಂದಳು. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ಅಗಲಿದ್ದವಳು. ತಾಯಿ ಹೇಗಿರುತ್ತಾಳೆಂದು ತಿಳಿಯುವ ಅವಕಾಶವೇ ಅವಳಿಗೆ ಸಿಕ್ಕಿಲ್ಲವೆಂದು ಕೋರ್ಟು ಅವಳನ್ನು ತಾಯಿಗೆ ಒಪ್ಪಿಸಿತು. ಮೂರನೆಯದು ನಮ್ಮ ಕೇರಳದ್ದೇ. ತಾಯಿಯ ಬಳಿ ಬೆಳೆದ ಹುಡುಗನನ್ನು ತಂದೆಗೆ ಕೊಡಬೇಕೆಂಬ ಹೈಕೋರ್ಟಿನ ಆದೇಶವನ್ನು 2024ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಆ ಮೇಲೆ ಹುಡುಗ ಹೆದರಿ ಮಾನಸಿಕವಾಗಿ ಕುಗ್ಗಿಹೋದ. ವೈದ್ಯರ ವರದಿ ನೋಡಿ 2025ರ ಜುಲೈಯಲ್ಲಿ ಅದೇ ಕೋರ್ಟು ತನ್ನ ಆದೇಶವನ್ನು ತಾನೇ ಬದಲಿಸಿ ಹುಡುಗನನ್ನು ತಾಯಿಯ ಬಳಿಯೇ ಉಳಿಸಿತು. ತಂದೆಗೆ ಭೇಟಿಯ ಅವಕಾಶ ಇಟ್ಟಿತು.

ನಾಲ್ವರೂ ಹೇಳಿದ್ದು "ಇಲ್ಲ" ಎಂದೇ. ಒಳಗಿದ್ದ ಕಾರಣ ಬೇರೆ ಬೇರೆ.

ಆರು ವರ್ಷದ ಮಗು "ಅಪ್ಪ ಜೀವನಾಂಶ ಕೊಟ್ಟಿಲ್ಲ" ಎಂದರೆ ಆ ಮಾತು ಮಗುವಿನದ್ದಲ್ಲವೆಂದು ಯಾರಿಗೂ ತಿಳಿಯುತ್ತದೆ. ಅಳುತ್ತಾ ಹೋದ ಮಗು ಅರ್ಧ ಗಂಟೆಯಲ್ಲಿ ಆಟವಾಡತೊಡಗಿದರೆ ಅದಕ್ಕೆ ಕಷ್ಟವಾದದ್ದು ಮೆಟ್ಟಿಲು ಇಳಿಯುವಾಗ ಮಾತ್ರ. ತಾನು ಅಲ್ಲಿ ನಕ್ಕರೆ ಇಲ್ಲಿ ಅಮ್ಮನಿಗೆ ಬೇಸರವಾದೀತೆಂದು ಅಂಜುವ ಮಕ್ಕಳೂ ಇದ್ದಾರೆ. ಅಂಥ ಮಗುವಿಗೆ ಅಮ್ಮನೇ "ಖುಷಿಯಲ್ಲಿ ಹೋಗಿ ಬಾ" ಎಂದು ಬಾಯಿ ತುಂಬ ಹೇಳಬೇಕು. ಹೊಡೆತದ ಅಥವಾ ಅದಕ್ಕಿಂತ ಕೆಟ್ಟದ್ದರ ಸಂಶಯವಿದ್ದರೆ ಮಾತ್ರ ತಡಮಾಡಬಾರದು. 1098ಕ್ಕೆ ಫೋನು ಮಾಡಿ, ವಕೀಲರ ಮೂಲಕ ಕೂಡಲೇ ಕೋರ್ಟಿಗೆ ತಿಳಿಸಬೇಕು.

ನಮ್ಮ ಜಿಲ್ಲೆಯಲ್ಲಿ ಗಲ್ಫಿನ ತಂದೆಯರು ಬಹಳ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ಮಗುವನ್ನು ಒಂದು ತಿಂಗಳು ಕಳುಹಿಸಿಕೊಡಿ ಎಂದರೆ ಮಗು ಹೇಗೆ ಹೋದೀತು? ಅದಕ್ಕೆ ಅವರು ಚಾಕಲೇಟಿನ ಪೆಟ್ಟಿಗೆ ತಂದ ನೆಂಟರಷ್ಟೆ. ದೂರ ಇರುವವರಿಗೆ ವೀಡಿಯೋ ಕರೆಯ ಮೂಲಕ ಮಗುವಿನ ಜತೆ ಮಾತಾಡುವ ಹಕ್ಕು ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಾರಕ್ಕೆ ಹತ್ತು ನಿಮಿಷದ ಮಾತು ಮೊದಲು; ಊರಿಗೆ ಬಂದ ಮೇಲೆ ಅಜ್ಜಿಯೋ ಮಾವನೋ ಜತೆಗಿದ್ದು ಒಂದು ಗಂಟೆ; ಆಮೇಲೆ ಒಂದು ದಿನ. ರಾತ್ರಿ ಉಳಿಯುವುದು ಕೊನೆಗೆ.

ಆದೇಶ ಸರಿಹೋಗದಿದ್ದರೆ ನಾವೇ ಮುರಿಯಬಾರದು, ಬದಲಿಸಿಕೊಡಲು ಅರ್ಜಿ ಹಾಕಬೇಕು. ಮಕ್ಕಳ ಕುರಿತ ಆದೇಶವನ್ನು ಪರಿಸ್ಥಿತಿ ಬದಲಾದಂತೆ ತಿದ್ದಬಹುದು. ಕುಟುಂಬ ನ್ಯಾಯಾಲಯದಲ್ಲಿ ಆಪ್ತಸಮಾಲೋಚಕರಿಗೂ ಕಾನೂನಿನಲ್ಲೇ ಅವಕಾಶವಿದೆ. ಆದರೆ ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿಯುವವರು. ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ ತಲೆಯಾಡಿಸಿಯಾರು. ಅದು ಒಪ್ಪಿಗೆಯೋ ಹೆದರಿಕೆಯೋ ಕೇಳಿದವರಿಗೆ ತಿಳಿಯದು. ಮಗು ಯಾವ ಭಾಷೆಯಲ್ಲಿ ಮಾತಾಡುತ್ತದೆಂದು ಅರ್ಜಿಯಲ್ಲೇ ಬರೆದು, ಆ ಭಾಷೆ ಬಲ್ಲವರೇ ಕೇಳುವಂತೆ ವಿಚಾರಣೆಯ ದಿನಕ್ಕೆ ಮೊದಲೇ ವಕೀಲರಲ್ಲಿ ಹೇಳಿಡಿ.