ಮನಶ್ಶಾಸ್ತ್ರದ ಪದವೀಪಾಠಕ್ರಮದ ಪರೀಕ್ಷಾವಿಧಾನ

ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಬಿ.ಎ. ಪಾಠಕ್ರಮವು ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ನಿರ್ಣಯಿಸುವವರು ಬಹುಮಟ್ಟಿಗೆ ತೇರ್ಗಡೆಯಾದವರ ಸಂಖ್ಯೆಯನ್ನೇ ಪ್ರಮಾಣವಾಗಿ ಹಿಡಿಯುತ್ತಾರೆ. ಈ ಪ್ರಮಾಣವು ಸಾಲದು. ಕಂಠಪಾಠದ ಬಲದಿಂದಲೂ ತೇರ್ಗಡೆಯಾಗಬಹುದಾದುದರಿಂದ, ಶಾಸ್ತ್ರವು ವಿದ್ಯಾರ್ಥಿಯಲ್ಲಿ ನೆಲಸಿತೇ ಇಲ್ಲವೇ ಎಂಬುದು ಅದರಿಂದ ತಿಳಿಯದು. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ವಿಚಾರಿಸುವುದು ಪ್ರಾಚೀನರ ಪದ್ಧತಿ. ಆ ನಾಲ್ಕು ಪ್ರಶ್ನೆಗಳು ಪಾಠಕ್ರಮಕ್ಕೂ ಸಲ್ಲುತ್ತವೆ.

ಮೊದಲನೆಯದು ವಿಷಯ. ಮನಸ್ಸಿನ ವಿಚಾರವು ಸಾಂಖ್ಯ, ನ್ಯಾಯಾದಿ ದರ್ಶನಗಳಲ್ಲಿ ಬಹು ಹಿಂದೆಯೇ ನಡೆದಿದ್ದರೂ, ಕಾಲೇಜುಗಳಲ್ಲಿ ಬೋಧಿಸಲ್ಪಡುವ ಮನಶ್ಶಾಸ್ತ್ರವು ಪ್ರಯೋಗಮೂಲವಾದುದು. ವಿಲ್ಹೆಲ್ಮ್ ವುಂಟನು 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಇದಕ್ಕೆ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಭಾರತದಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು 1916ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು 1924ರಲ್ಲಿಯೂ ಪ್ರತ್ಯೇಕ ಶಾಖೆಗಳನ್ನು ತೆರೆದವು. ಮೈಸೂರಿನ ಶಾಖೆಯನ್ನು ಕಟ್ಟಿದವರು ಲಂಡನ್ನಿನಲ್ಲಿ ವ್ಯಾಸಂಗಮಾಡಿ ಬಂದ ಡಾ|| ಎಂ. ವಿ. ಗೋಪಾಲಸ್ವಾಮಿಯವರು. ಆದಕಾರಣ ಪರೀಕ್ಷಕನು ಮೊದಲು ನೋಡತಕ್ಕ ಸ್ಥಳವು ಪ್ರಯೋಗಶಾಲೆ. ಉಪಕರಣಗಳು ಬೀರುವಿನಲ್ಲಿವೆಯೋ ವಿದ್ಯಾರ್ಥಿಗಳ ಕೈಯಲ್ಲಿವೆಯೋ, ದಾಖಲೆಪುಸ್ತಕದ ಅಂಕಿಗಳು ಅವರೇ ಅಳೆದು ಬರೆದವೋ ಹಿಂದಿನ ವರ್ಷದ ಪುಸ್ತಕದಿಂದ ಇಳಿಸಿಕೊಂಡವೋ ಎಂಬುದನ್ನು ಅವನು ಗಮನಿಸಬೇಕು.

ಎರಡನೆಯದು ಪ್ರಯೋಜನ. ಅಮೆರಿಕದ ಮನಶ್ಶಾಸ್ತ್ರ ಸಂಘವು 2013ರಲ್ಲಿ ಅಂಗೀಕರಿಸಿದ ಮಾರ್ಗದರ್ಶಿಯು ಪದವಿಶಿಕ್ಷಣಕ್ಕೆ ಐದು ಗುರಿಗಳನ್ನು ಹೇಳಿತು: ಶಾಸ್ತ್ರಜ್ಞಾನ, ವೈಜ್ಞಾನಿಕ ವಿಚಾರಶಕ್ತಿ, ನೈತಿಕ ಹಾಗೂ ಸಾಮಾಜಿಕ ಹೊಣೆ, ನಿರೂಪಣಾಶಕ್ತಿ, ವೃತ್ತಿಸಿದ್ಧತೆ. ಮೊದಲನೆಯದನ್ನು ಲಿಖಿತ ಪರೀಕ್ಷೆಯು ಅಳೆಯಬಲ್ಲುದು; ಉಳಿದವಕ್ಕೆ ಬೇರೆ ಉಪಾಯಗಳು ಬೇಕು. ಉದಾಹರಣೆಗೆ, ಎಬಿಂಗ್‌ಹೌಸನು 1885ರಲ್ಲಿ ಪ್ರಕಟಿಸಿದ ಸ್ಮೃತಿಪ್ರಯೋಗಗಳ ಮಾದರಿಯಲ್ಲಿ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಹತ್ತು ಮಂದಿಗೆ ಬಾಯಿಪಾಠಮಾಡಿಸಿ, ಮರುದಿನ ಎಷ್ಟು ಉಳಿಯಿತೆಂಬುದನ್ನು ಅಳೆದು, ಅದರಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಬರೆಯುವಂತೆ ವಿದ್ಯಾರ್ಥಿಗೆ ವಿಧಿಸಬಹುದು. ಇಂತಹ ಕೆಲಸವನ್ನು ಪ್ರವೇಶಕಾಲದಲ್ಲಿಯೂ ಕೊನೆಯ ವರ್ಷದಲ್ಲಿಯೂ ಕೊಟ್ಟು ಹೋಲಿಸಿದರೆ, ಕಾಲೇಜಿನಿಂದ ಉಂಟಾದ ವೃದ್ಧಿಯು ವ್ಯಕ್ತವಾಗುತ್ತದೆ. ಜಾಣರನ್ನೇ ಆರಿಸಿಕೊಂಡು ಅವರ ತೇರ್ಗಡೆಯಿಂದ ಕೀರ್ತಿ ಪಡೆಯುವುದಕ್ಕೆ ಆಗ ಅವಕಾಶವಿರದು.

ಮೂರನೆಯದು ಸಂಬಂಧ. ಬೋಧಿಸುವ ಒಂದೊಂದು ಪತ್ರಿಕೆಯೂ ಯಾವ ಗುರಿಗೆ ಸಾಧನವೆಂಬುದನ್ನು ಪಟ್ಟಿಯಾಗಿ ಬರೆಯಬೇಕು. ಯಾವ ಪತ್ರಿಕೆಯೂ ಸಾಧಿಸದ ಗುರಿಯು ಹೆಸರಿಗೆ ಮಾತ್ರವೆಂದೂ, ಯಾವ ಗುರಿಗೂ ಸೇರದ ಪತ್ರಿಕೆಯು ಭಾರವೆಂದೂ ತಿಳಿಯತಕ್ಕದ್ದು. ಸಂಖ್ಯಾಶಾಸ್ತ್ರವನ್ನು ಕೊನೆಗೆ ಕಲಿಸಿ ಪ್ರಯೋಗವನ್ನು ಮೊದಲೇ ಮಾಡಿಸುವಂತಹ ಕ್ರಮದೋಷಗಳೂ ಈ ಪಟ್ಟಿಯಿಂದ ಹೊರಬೀಳುತ್ತವೆ.

ನಾಲ್ಕನೆಯದು ಅಧಿಕಾರಿ. ಓದಲು ಬರುವವನ ಯೋಗ್ಯತೆಯಂತೆಯೇ ಓದಿ ಹೊರಡುವವನ ಅಧಿಕಾರವೂ ಇಲ್ಲಿ ವಿಚಾರಣೀಯ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ಚಿಕಿತ್ಸಾಮನಶ್ಶಾಸ್ತ್ರಜ್ಞರು ನೋಂದಣಿ ಪಡೆಯಬೇಕು, ಸಾಮಾನ್ಯ ಬಿ.ಎ. ಪದವಿಯೊಂದರಿಂದಲೇ ಆ ನೋಂದಣಿಯು ದೊರೆಯದು. ಈ ಮಿತಿಯನ್ನು ಪ್ರವೇಶದ ದಿನವೇ ತಿಳಿಸುವ ಕಾಲೇಜು ಪ್ರಾಮಾಣಿಕವಾದುದು. ಹಾಗೆ ತಿಳಿಸಿದೆಯೇ ಎಂಬುದಕ್ಕೆ ಹೊರಬಂದ ಪದವೀಧರರನ್ನು ವಿಚಾರಿಸುವುದೇ ಪ್ರಮಾಣ.

ಅನ್ಯವಿಷಯಗಳಲ್ಲಿ ಪಾಠಕ್ರಮದ ಲೋಪವು ಬಹುಶಃ ವಿದ್ಯಾರ್ಥಿಯೊಬ್ಬನಿಗೇ ನಷ್ಟ. ಇಲ್ಲಿಯಾದರೋ, ಅರೆವಿದ್ಯೆಯವನನ್ನು ತಿಳಿದವನೆಂದು ನಂಬಿ, ನೊಂದ ಮನಸ್ಸಿನಿಂದ ಬಂದ ಮೂರನೆಯವನಿಗೂ ಅದು ತಟ್ಟುತ್ತದೆ. ಆದುದರಿಂದಲೇ ನಾಲ್ಕು ಪ್ರಶ್ನೆಗಳಲ್ಲಿ ಈ ಕೊನೆಯದನ್ನು ಎಂದಿಗೂ ಬಿಡಲಾಗದು.