ಮಸಿಬಟ್ಟೆಯ ಉಬ್ಬುತಗ್ಗು

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಜೋಳದ ರೊಟ್ಟಿ ಬೇಯುವಾಗ ಒಲೆಯ ಬಳಿ ಕುಳಿತು ನೋಡಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ತಟ್ಟಿದ ರೊಟ್ಟಿ ಹಂಚಿನ ಮೇಲೆ ಬಿದ್ದೊಡನೆ, ಬಟ್ಟಲಿನ ನೀರಿನಲ್ಲಿ ನೆನೆದಿರುವ ಅರಿವೆಯ ಪುಟ್ಟ ತುಂಡೊಂದು ಅದರ ಮೈಮೇಲೆ ನೀರನ್ನು ಸವರಿ ಹೋಗುತ್ತದೆ. ಅದೇ ಒಲೆಯಿಂದ ಬೇಳೆಯ ಪಾತ್ರೆಯನ್ನು ಇಳಿಸಲು ಇನ್ನೊಂದು ಬಟ್ಟೆ ಉಂಟು, ಅದು ಮಸಿಬಟ್ಟೆ. ಕಟ್ಟೆಯನ್ನು ಒರಸಲು, ತೊಳೆದ ಪಾತ್ರೆಯ ನೀರನ್ನು ಹೀರಿಸಲು ಮತ್ತೊಂದು. ಬಹಳ ಮನೆಗಳಲ್ಲಿ ಈ ‘ಇನ್ನೊಂದು’ ಮತ್ತು ‘ಮತ್ತೊಂದು’ ಎರಡೂ ಒಂದೇ ಬಟ್ಟೆಯಾಗಿರುತ್ತದೆ. ಅಪಾಯವಿರುವುದು ಅಲ್ಲಿಯೇ. ಅದನ್ನು ಅರಿಯಬೇಕಾದರೆ ಬಟ್ಟೆಯೊಳಗೆ ಏನಿದೆಯೆಂಬುದನ್ನು ನೋಡಬೇಕು. ನೋಡಲು ಸುಲಭವಾದ ಮಾರ್ಗವೆಂದರೆ ಅಂಥದೊಂದನ್ನು ಕೊಕ್ಕೆಸೂಜಿಯಿಂದ ಸ್ವತಃ ಹೆಣೆಯುವುದು.

ನೂಲಿನ ಮಾತಿಗೆ ಕಲ್ಯಾಣ ಹೊಸ ಊರೇನೂ ಅಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಸ್ತ್ರಗಳ ವಿಚಾರ ವಿಸ್ತಾರವಾಗಿ ಬಂದಿದೆ. ಅದೇ ಶತಮಾನದ ಶರಣರಲ್ಲಿ ನೂಲು ತೆಗೆಯುವ ಕದಿರ ರೆಮ್ಮವ್ವೆ, ಹುಲ್ಲಿನಿಂದ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ ಇದ್ದರು. ನೂಲುವುದು, ಹೊಸೆಯುವುದು, ಒಗೆಯುವುದು: ನಮ್ಮ ಮಸಿಬಟ್ಟೆಯ ವಿಜ್ಞಾನವೆಲ್ಲ ಈ ಮೂರು ಕಾಯಕಗಳಲ್ಲಿ ಅಡಗಿದೆಯೆಂದರೆ ತಪ್ಪಾಗಲಾರದು.

ಮೊದಲು ಒಗೆಯುವುದನ್ನೇ ತೆಗೆದುಕೊಳ್ಳೋಣ. ಗಿಡದಿಂದ ಬಿಡಿಸಿದ ಹಸಿ ಅರಳೆಯ ಉಂಡೆಯೊಂದನ್ನು ನೀರಿನ ಲೋಟದಲ್ಲಿ ಬಿಡಿರಿ, ಅದು ತೇಲುತ್ತದೆ. ಔಷಧದ ಅಂಗಡಿಯಿಂದ ತಂದ ಹತ್ತಿಯನ್ನು ಬಿಡಿರಿ; ಕೆಲವೇ ಕ್ಷಣಗಳಲ್ಲಿ ನೀರು ಕುಡಿದು ಮುಳುಗುತ್ತದೆ. ಎರಡೂ ಹತ್ತಿಯೇ, ಎರಡೂ ಸೆಲ್ಯುಲೋಸ್ ಎಂಬ ವಸ್ತುವಿನಿಂದ ಆದುವೇ. ವ್ಯತ್ಯಾಸವಿಷ್ಟೆ: ಹಸಿ ಎಳೆಯ ಹೊರಮೈಯಲ್ಲಿ ತೆಳುವಾದ ಮೇಣದ ಲೇಪವಿದೆ. ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇರದ ಆ ಮೇಣವು ನೀರನ್ನು ಹತ್ತಿರಕ್ಕೆ ಸೇರಿಸದು. ಕ್ಷಾರದ ನೀರಿನಲ್ಲಿ ಕುದಿಸಿದರೆ ಅದು ಕಳಚುತ್ತದೆ. ಚೌಳುಮಣ್ಣಿನಲ್ಲಿ ನೆನೆಸಿ ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದ ಮಡಿವಾಳನು ಕೊಳೆಯ ಜೊತೆಗೆ ಈ ಮೇಣವನ್ನೂ ತೆಗೆಯುತ್ತಿದ್ದನು. ಹೊಸ ಟವಲು ಮೈಯನ್ನು ಒರಸದೆ ಜಾರುತ್ತದೆ, ನಾಲ್ಕಾರು ಒಗೆತಗಳ ಬಳಿಕ ಚೆನ್ನಾಗಿ ಹೀರುತ್ತದೆ ಎಂದು ಹಿರಿಯರು ಹೇಳುವುದಕ್ಕೆ, ಗಂಜಿಯೊಡನೆ ಇಂಥ ಲೇಪಗಳು ಬಿಟ್ಟುಹೋಗುವುದೇ ಕಾರಣ.

ಮೇಣ ಹೋದ ಮೇಲೆ ಸೆಲ್ಯುಲೋಸಿನ ಅಣುಗಳು ನೀರಿನ ಅಣುಗಳನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ. ಎಳೆ ಉಬ್ಬುತ್ತದೆ, ವಿಚಿತ್ರವೆಂದರೆ ಒಣಗಿದ್ದಾಗಿಗಿಂತ ಗಟ್ಟಿಯೂ ಆಗುತ್ತದೆ. ರೇಯಾನ್ ಒದ್ದೆಯಾದಾಗ ಸೊರಗುವಂತೆ ಹತ್ತಿ ಸೊರಗುವುದಿಲ್ಲ. ಬೆಂಕಿಯ ಬಳಿಯೂ ಅದರ ನಡತೆ ಬೇರೆ. ಪಾಲಿಯೆಸ್ಟರ್ ಸುಮಾರು ೨೫೦–೨೬೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ; ಹತ್ತಿ ಕರಗುವುದೇ ಇಲ್ಲ, ಸೀದು ಕರಿಯಾಗುತ್ತದೆ. ರೊಟ್ಟಿಯ ಹಂಚಿನ ಬಳಿ ಸುಳಿಯುವ ಬಟ್ಟೆಯು ಹತ್ತಿಯದೇ ಆಗಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ವಾದ ಬೇಡ. ಬಣ್ಣ ಚೆನ್ನಾಗಿದೆಯೆಂದು ಉಣ್ಣೆಯಂತೆ ಕಾಣುವ ಅಕ್ರಿಲಿಕ್ ದಾರವನ್ನು ಕೊಂಡುತರುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಇನ್ನು ಹೆಣಿಗೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದನ್ನು ಬಲ್ಲ ಅಕ್ಕತಂಗಿಯರು ಮನೆಯಲ್ಲಿದ್ದರೆ ಕ್ರೋಶಾ ಸೂಜಿ ಅಲ್ಲಿಯೇ ದೊರೆಯುತ್ತದೆ. ಆದರೆ ದಪ್ಪ ನೂಲಿಗೆ ದಪ್ಪ ಸೂಜಿಯೇ ಬೇಕು. ನಾಲ್ಕು ಮಿಲಿಮೀಟರಿನದು ಸರಿಹೋಗುತ್ತದೆ. ಮೊದಲು ೩೭ ಕೊಂಡಿಗಳ ಸರಪಳಿಯನ್ನು ಹಾಕಿರಿ. ಸೂಜಿಯಿಂದ ಎರಡನೆಯ ಕೊಂಡಿಯಲ್ಲಿ ಒಂದು ಗಿಡ್ಡ ಕಂಬ: ಸೂಜಿಯನ್ನು ತೂರಿಸಿ ನೂಲನ್ನೆಳೆದರೆ ಸೂಜಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ, ಮತ್ತೆ ನೂಲನ್ನು ಸುತ್ತಿ ಎರಡರೊಳಗಿಂದಲೂ ಎಳೆದುಬಿಡುವುದು. ಮುಂದಿನ ಕೊಂಡಿಯಲ್ಲಿ ಒಂದು ಉದ್ದ ಕಂಬ: ತೂರಿಸುವುದಕ್ಕೆ ಮುಂಚೆಯೇ ಸೂಜಿಗೊಂದು ಸುತ್ತು ನೂಲು, ಆಮೇಲೆ ಮೂರು ಕುಣಿಕೆಗಳನ್ನು ಎರಡೆರಡಾಗಿ ಎರಡು ಸಲ ಬಿಡಿಸುವುದು. ಹೀಗೆ ಒಂದು ಗಿಡ್ಡ, ಒಂದು ಉದ್ದ, ಸಾಲಿನ ಕೊನೆಯವರೆಗೆ. ಒಟ್ಟು ೩೬ ಕಂಬಗಳಾಗುತ್ತವೆ. ಬಟ್ಟೆಯನ್ನು ತಿರುಗಿಸಿ ಒಂದು ಕೊಂಡಿ ಹಾಕಿ, ಹಿಂದಿನ ಸಾಲಿನ ಉದ್ದದ ಮೇಲೆ ಗಿಡ್ಡವನ್ನೂ ಗಿಡ್ಡದ ಮೇಲೆ ಉದ್ದವನ್ನೂ ಹೆಣೆಯಿರಿ. ಸಂಖ್ಯೆ ಸಮವಾಗಿರುವುದರಿಂದ ಪ್ರತಿಯೊಂದು ಸಾಲೂ ಗಿಡ್ಡದಿಂದ ತೊಡಗಿ ಉದ್ದದಲ್ಲಿ ಮುಗಿಯುತ್ತದೆ. ಲೆಕ್ಕ ತಪ್ಪಿದರೆ ಕೈಗೇ ಗೊತ್ತಾಗುತ್ತದೆ. ಅಗಲದಷ್ಟೇ ಉದ್ದವಾದಾಗ ನಿಲ್ಲಿಸಿರಿ. ಸುಮಾರು ಒಂದು ಗೇಣಿನ ಚೌಕ ಕೈಯಲ್ಲಿರುತ್ತದೆ.

ಅದರ ಮೇಲೆ ಬೆರಳಾಡಿಸಿದರೆ ಹರಳುಹರಳಾಗಿದೆ. ಎರಡು ಗಿಡ್ಡ ಕಂಬಗಳ ನಡುವೆ ಸಿಕ್ಕಿದ ಉದ್ದ ಕಂಬಕ್ಕೆ ನೆಟ್ಟಗೆ ನಿಲ್ಲಲು ಎಡೆಯಿಲ್ಲ. ಅದು ಬಾಗಿ ಹೊರಕ್ಕೆ ಉಬ್ಬುತ್ತದೆ, ಪಕ್ಕದಲ್ಲೊಂದು ತಗ್ಗು ಉಳಿಯುತ್ತದೆ. ಹುಮನಾಬಾದಿನ ಮೂಲಕ ಹಾದುಹೋಗುವ ಹೈದರಾಬಾದಿನ ಹೆದ್ದಾರಿ ಮುಂದೆ ಸೊಲ್ಲಾಪುರವನ್ನು ಸೇರುತ್ತದೆ. ಅಲ್ಲಿಯ ಹೆಸರಾಂತ ಟೆರಿ ಟವಲುಗಳ ಮೇಲೂ ಇಂಥ ಕುಣಿಕೆಗಳೇ ಎದ್ದಿರುತ್ತವೆ, ಆದರೆ ಅವನ್ನು ಮಗ್ಗ ಎಬ್ಬಿಸುತ್ತದೆ. ನಿಜವಾದ ಕ್ರೋಶಾ ಹೆಣಿಗೆಯನ್ನು ಹಾಕುವ ಯಂತ್ರ ಮಾತ್ರ ಕಾರ್ಖಾನೆಗಳಲ್ಲಿ ಇಲ್ಲ. ಅಂಗಡಿಯಲ್ಲಿ ಕ್ರೋಶಾ ಎಂದು ಮಾರುವುದು ಯಂತ್ರದ ಅನುಕರಣೆಯಾಗಿರಬೇಕು, ಇಲ್ಲವೆ ಯಾರದೋ ಕೈಯ ಕೆಲಸವಾಗಿರಬೇಕು.

ಈಗ ಪ್ರಶ್ನೆ: ಈ ತಗ್ಗುಗಳಲ್ಲಿ ಏನಿದೆ?

ಬಟ್ಟೆ ಒಣಗಿದ್ದರೆ, ಗಾಳಿ. ಅಲುಗದೆ ನಿಂತ ಗಾಳಿಯು ಶಾಖವನ್ನು ಬಹಳ ಮೆಲ್ಲಗೆ ಸಾಗಿಸುತ್ತದೆ. ಬಿಸಿ ಪಾತ್ರೆಗೆ ಉಬ್ಬುಗಳ ತುದಿ ಮಾತ್ರ ತಾಗಿ, ತಗ್ಗುಗಳ ಗಾಳಿಯು ಕೈಯನ್ನು ಕಾಯುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಅದೇ ತಗ್ಗುಗಳಲ್ಲಿ ನೀರಿದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಒಯ್ಯುತ್ತದೆ. ಮೇಲಾಗಿ ಆವಿಯಾಗಿ ಬೆರಳಿಗೆ ಬಡಿಯುತ್ತದೆ. ಈಗತಾನೆ ಕಟ್ಟೆ ಒರಸಿದ ಬಟ್ಟೆಯಿಂದಲೇ ಬೇಳೆಯ ಪಾತ್ರೆಯನ್ನು ಹಿಡಿದು, ನಡುದಾರಿಯಲ್ಲಿ ಕೈಬಿಟ್ಟು, ಕಾಲ ಮೇಲೆ ಸುರಿದುಕೊಂಡವರುಂಟು. ಅವರು ದೂರುವುದು ಬಟ್ಟೆ ತೆಳುವೆಂದು. ದೋಷ ದಪ್ಪದ್ದಲ್ಲ, ನೀರಿನದು.

ತಗ್ಗಿನಲ್ಲಿ ನೀರು ಬಹಳ ಹೊತ್ತು ಉಳಿದರೆ ಮೂರನೆಯ ಅತಿಥಿಗಳು ಬರುತ್ತಾರೆ. ಅನ್ನದ ಕಣ, ತೇವ, ಒಲೆಯ ಬೆಚ್ಚಗೆ ಈ ಮೂರೂ ಸೇರಿದರೆ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತೇ ನಿಮಿಷಗಳಲ್ಲಿ ಇಮ್ಮಡಿಯಾಗಬಲ್ಲವು. ಮಾರಿಷಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ತಿಂಗಳು ಬಳಸಿದ ೧೦೦ ಅಡಿಗೆಮನೆಯ ಬಟ್ಟೆಗಳನ್ನು ಪರೀಕ್ಷಿಸಿ ೨೦೧೮ರಲ್ಲಿ ಫಲಿತಾಂಶವನ್ನು ಮಂಡಿಸಿದರು; ೪೯ರಲ್ಲಿ ಬ್ಯಾಕ್ಟೀರಿಯಾಗಳು ಬೆಳೆದುವು. ಒಂದೇ ಬಟ್ಟೆಯನ್ನು ಹಲವು ಕೆಲಸಕ್ಕೆ ಬಳಸಿದ ಮನೆಗಳಲ್ಲಿಯೂ ಒದ್ದೆಯಾಗಿಯೇ ಉಳಿದ ಬಟ್ಟೆಗಳಲ್ಲಿಯೂ ಅವು ಹೆಚ್ಚಾಗಿದ್ದುವು. ಆದಕಾರಣ ಒಂದೇ ಮಾದರಿಯ ಎರಡು ಚೌಕಗಳನ್ನು ಹೆಣೆಯಿರಿ, ಬೇರೆ ಬೇರೆ ಬಣ್ಣದಲ್ಲಿ: ಒಂದು ಎಂದೂ ಒದ್ದೆಯಾಗದ್ದು, ಇನ್ನೊಂದು ಒದ್ದೆಯ ಕೆಲಸಕ್ಕೆ. ಒದ್ದೆಯದನ್ನು ಆಗಾಗ ಕುದಿಯುವ ನೀರಿಗೆ ಹಾಕಿದರೂ ಹತ್ತಿ ಬೇಸರಿಸದು.

ಬಸವಕಲ್ಯಾಣದ ಬೇಸಗೆಯಲ್ಲಿ ಬಟ್ಟೆ ಒಣಗಿಸುವುದು ಒಂದು ಕೆಲಸವೇ ಅಲ್ಲ. ಶ್ರಾವಣದ ಜಡಿಮಳೆಯಲ್ಲಿ ತಿಳಿಯುತ್ತದೆ ಅದರ ಕಷ್ಟ. ಆಗ ತಂತಿಯ ಮೇಲಿನ ಬಟ್ಟೆಯನ್ನು ಗಮನಿಸಿರಿ: ಮೇಲಂಚು ಒಣಗಿದ್ದರೂ ಕೆಳಂಚು ತೊಟ್ಟಿಕ್ಕುತ್ತಿರುತ್ತದೆ. ಇದು ಕೇಶಾಕರ್ಷಣದ ಲೆಕ್ಕ. ಒಂದು ಮಿಲಿಮೀಟರ್ ತ್ರಿಜ್ಯದ ಕೊಳವೆಯಲ್ಲಿ ನೀರು ತಾನಾಗಿ ಒಂದೂವರೆ ಸೆಂಟಿಮೀಟರ್ ಮಾತ್ರ ಏರಿ ನಿಲ್ಲಬಲ್ಲುದು. ಅದರ ಹತ್ತರಲ್ಲೊಂದು ತ್ರಿಜ್ಯದ್ದಾದರೆ ಹದಿನೈದು ಸೆಂಟಿಮೀಟರ್. ಹೆಣಿಗೆಯ ತಗ್ಗುಗಳು ಮೊದಲನೆಯ ಜಾತಿಯವು: ಬಹಳ ನೀರನ್ನು ಹಿಡಿಯುತ್ತವೆ, ಆದರೆ ಸಡಿಲವಾಗಿ. ನೂಲಿನೊಳಗೆ ಎಳೆ ಎಳೆಗಳ ನಡುವಿನ ಸಂದುಗಳು ಇನ್ನೂ ಕಿರಿದು. ಅವು ಹಿಡಿದ ನೀರನ್ನು ಬಿಸಿಲು ಗಾಳಿಗಳೇ ಬಿಡಿಸಬೇಕು. ತಗ್ಗುಗಳ ನೀರು ತೂಕಕ್ಕೆ ಇಳಿಯುತ್ತ ಕೆಳಂಚಿನಲ್ಲಿ ಕೂಡಿಕೊಳ್ಳುತ್ತದೆ.

ಚೌಕವನ್ನು ಮುಗಿಸುವಾಗ ಒಂದು ಮೂಲೆಯಲ್ಲಿ ಹನ್ನೆರಡು ಕೊಂಡಿಗಳ ಸರಪಳಿ ಹಾಕಿ ಕುಣಿಕೆ ಮಾಡಿ, ಬಟ್ಟೆಯನ್ನು ಆ ಮೂಲೆಯಿಂದ ಮೊಳೆಗೆ ತೂಗುಹಾಕಿರಿ. ಆಗ ನೀರೆಲ್ಲ ಉದ್ದವಾದ ಅಂಚಿಗೆ ಬದಲಾಗಿ ಎದುರು ಮೂಲೆಗೆ ಇಳಿಯುತ್ತದೆ. ಹತ್ತು ನಿಮಿಷಗಳ ಬಳಿಕ ಅತ್ತ ಹೋಗುವಾಗ ಆ ಮೂಲೆಯನ್ನೊಮ್ಮೆ ಹಿಂಡಿದರಾಯಿತು.