ಪಾದ್ರಿ ಎನಿಸಿಕೊಳ್ಳುವ ಹಾದಿ: ಚಿಂಬಲ್ ಹೇಳುವ ಪಾಠ

ಪಣಜಿಯಿಂದ ಹಳೆಗೋವೆಗೆ ಹೋಗುವ ದಾರಿಯಲ್ಲಿ ರಿಬಂದರ್ ಸಿಗುತ್ತದೆ. ಅದರ ಬಲಗಡೆ ಗುಡ್ಡದ ಮಗ್ಗುಲಲ್ಲಿ ಚಿಂಬಲ್ ಎಂಬ ಊರಿದೆ. ನಮ್ಮ ಕಡೆಯಿಂದ ಸಂತ ಫ್ರಾನ್ಸಿಸ್ ಝೇವಿಯರರ ಇಗರ್ಜಿ ನೋಡಲು ಹೋಗುವವರು ಈ ಹೆಸರನ್ನು ಗಮನಿಸುವುದು ಕಡಿಮೆ. ಆದರೆ ಅಲ್ಲಿನ ಇಂದಿರಾನಗರದ ಓಣಿಗಳಲ್ಲಿ ನಡೆದರೆ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ಕೂಲಿ ಅರಸಿ ಘಟ್ಟ ಇಳಿದು ಬಂದ ಕುಟುಂಬಗಳು ಅಲ್ಲಿ ನೆಲೆ ನಿಂತಿವೆ. ಪರಭಾಷೆಯ ನಾಡಿನಲ್ಲಿ ಕನ್ನಡ ಮಾತಾಡಿಕೊಂಡು ಬದುಕುವುದು ಎಂದರೇನೆಂಬುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಚಿಂಬಲಿಗೆ ಇನ್ನೊಂದು ಹಳೆಯ ಕಥೆಯೂ ಇದೆ. ಯಾರನ್ನು ಪಾದ್ರಿ ಎಂದು ಒಪ್ಪಬೇಕು, ಒಪ್ಪುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಸಂಬಂಧಪಟ್ಟ ಕಥೆ ಅದು. ಇಂದು ಊರೂರಿನ ಪ್ರಾರ್ಥನಾ ಮಂದಿರಗಳಲ್ಲಿ ಹಾಡು ಹೇಳಿಸುವ, ಭಾನುವಾರದ ಶಾಲೆ ನಡೆಸುವ, ಹುಡುಗರನ್ನು ಕೂಡಿಸುವ ತರುಣರನ್ನು ಕಾಣುತ್ತೇವೆ. ಜನ ಅವರನ್ನು ಪ್ರೀತಿಯಿಂದ ಪಾಸ್ಟರ್ ಎನ್ನುತ್ತಾರೆ. ಜನರು ಹಾಗೆ ಕರೆದ ಮಾತ್ರಕ್ಕೆ ಆತ ಪಾದ್ರಿಯಾದನೇ? ಆಗಬೇಕಾದರೆ ಇನ್ನೇನು ಬೇಕು? ಕ್ರೈಸ್ತರಲ್ಲದ ವಾಚಕರಿಗೂ ಈ ವಿಚಾರ ತಿಳಿದಿದ್ದರೆ ಒಳ್ಳೆಯದು.

ಚಿಂಬಲಿನ ಉತ್ತರಕ್ಕೆ ಮಾಂಡವಿ ನದಿ, ಆ ನದಿಯಲ್ಲಿ ದಿವಾಡಿ ದ್ವೀಪ. 17ನೆಯ ಶತಮಾನದ ಆರಂಭದಲ್ಲಿ ಆ ದ್ವೀಪದ ಮತೇವುಸ್ ದೆ ಕಾಸ್ತ್ರೊ ಎಂಬ ತರುಣನಿಗೆ ಯಾಜಕನಾಗಬೇಕೆಂಬ ಹಂಬಲ ಹುಟ್ಟಿತು. ಗೋವೆಯಲ್ಲಿ ದೀಕ್ಷೆ ದೊರೆಯಲಿಲ್ಲ. ಆತ ಪರ್ಷಿಯಾದ ಮಾರ್ಗವಾಗಿ ರೋಮಿಗೆ ಹೋಗಿ, ಅಲ್ಲಿ ಓದಿ, 1630ರ ಸುಮಾರಿಗೆ ದೀಕ್ಷೆ ಪಡೆದರು. ಮರಳಿ ಬಂದಾಗ ಗೋವೆಯ ಅಧಿಕಾರಿಗಳು ಅವರ ಕೈಯಲ್ಲಿದ್ದ ರೋಮಿನ ಪತ್ರಗಳನ್ನು ಮಾನ್ಯ ಮಾಡಲಿಲ್ಲ. ಅವರು ಪುನಃ ರೋಮಿಗೆ ಹೋದರು. 1637ರಲ್ಲಿ ಅವರನ್ನು ಬಿಷಪರನ್ನಾಗಿ ಅಭಿಷೇಕಿಸಲಾಯಿತು. ಲ್ಯಾಟಿನ್ ಕ್ರಮದಲ್ಲಿ ಬಿಷಪರಾದ ಮೊದಲ ಭಾರತೀಯರು ಅವರೇ. ಅವರಿಗೆ ವಹಿಸಿದ್ದು ಆದಿಲಶಾಹಿಯ ಸೀಮೆ, ಅಂದರೆ ನಮ್ಮ ಬಿಜಾಪುರದ ರಾಜ್ಯ. ಪೋರ್ಚುಗೀಸರ ಗಡಿಯ ಆಚೆ, ಅಂದು ಬಿಜಾಪುರದ ಆಳ್ವಿಕೆಯಲ್ಲಿದ್ದ ಬಿಚೋಲಿಯಲ್ಲಿ ಅವರು ನೆಲೆ ನಿಂತರು. ಸ್ವಂತ ಊರಿನ ಎದುರಿನಲ್ಲೇ ಅನ್ಯರಾಜ್ಯದ ಆಶ್ರಯದಲ್ಲಿ ಬಿಷಪರಾಗಿರಬೇಕಾದ ಪರಿಸ್ಥಿತಿ ಅವರದಾಯಿತು.

ಗೋವೆಯವರಲ್ಲಿ ಪಾದ್ರಿಗಳೇ ಇರಲಿಲ್ಲವೆಂದು ಇದರರ್ಥವಲ್ಲ. ರಾಶೋಲಿನ ಸೆಮಿನರಿಯಲ್ಲಿ ಓದಿದ ದೇಶೀಯ ಪಾದ್ರಿಗಳು ಇದ್ದರು. ಆದರೆ ಯುರೋಪಿಯನರ ಸನ್ಯಾಸಿ ಸಂಘಗಳ ಬಾಗಿಲು ಅವರಿಗೆ ಮುಚ್ಚಿತ್ತು. ದೊಡ್ಡ ಜವಾಬ್ದಾರಿಗಳು ಪರದೇಶಿಗಳಿಗೆ, ಅವರ ಕೈಕೆಳಗಿನ ಕೆಲಸ ನಾಡವರಿಗೆ. ಆಗ ಗೋವೆಯ ಪಾದ್ರಿಗಳು ಬಾಗಿಲು ತಟ್ಟುತ್ತ ನಿಲ್ಲದೆ ತಮ್ಮದೇ ಮನೆ ಕಟ್ಟಿಕೊಂಡರು. ಹಳೆಗೋವೆಯಲ್ಲಿ ದೇಶೀಯ ಪಾದ್ರಿಗಳೇ ಸೇರಿದ ಒಂದು ಸಂಘ ಹುಟ್ಟಿತು. 1685ರಲ್ಲಿ ಜೋಸೆಫ್ ವಾಜ್ ಅದನ್ನು ಸೇರಿ ಬೆಳೆಸಿದರು. 18ನೆಯ ಶತಮಾನದ ಮಧ್ಯಭಾಗದಲ್ಲಿ ಅದೇ ರೀತಿ ಚಿಂಬಲಿನಲ್ಲಿ ಕಾರ್ಮೆಲಿನ ಮೂರನೆಯ ಸಂಘದ ದೇಶೀಯ ಪಾದ್ರಿಗಳು ತಮ್ಮ ಮಠವನ್ನು ಸ್ಥಾಪಿಸಿದರು. ನಾಡವರಿಂದ, ನಾಡವರಿಗಾಗಿ ಕಟ್ಟಿದ ಮಠ ಅದು. ಸುಮಾರು ಎಂಟು ದಶಕಗಳ ಕಾಲ ನಡೆಯಿತು. 1835ರಲ್ಲಿ ಪೋರ್ಚುಗೀಸ್ ಸರಕಾರ ಗೋವೆಯ ಸನ್ಯಾಸಿ ಸಂಘಗಳನ್ನೆಲ್ಲ ರದ್ದು ಮಾಡಿದಾಗ ಚಿಂಬಲಿನ ಮಠವೂ ಮುಚ್ಚಿತು. ಕಟ್ಟುವುದಕ್ಕೆ ಒಂದು ತಲೆಮಾರು ಬೇಕಾಯಿತು. ಮುಚ್ಚುವುದಕ್ಕೆ ಒಂದು ಆಜ್ಞೆ ಸಾಕಾಯಿತು.

ಜೋಸೆಫ್ ವಾಜರ ಹೆಸರು ನಮ್ಮ ಜಿಲ್ಲೆಯ ಹಿರಿಯ ಕ್ರೈಸ್ತರಿಗೆ ಹೊಸದಲ್ಲ. 1681ರಿಂದ 1684ರ ವರೆಗೆ ಅವರು ಕನ್ನಡ ಜಿಲ್ಲೆಯಲ್ಲಿ, ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದುಡಿದರು. ಆಗ ಮಂಗಳೂರಿನಲ್ಲಿ ರೋಮಿನಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊ ಇದ್ದರು. ಅವರು ಮತೇವುಸರ ಸೋದರಸಂಬಂಧದ ಕಿರಿಯರು. ರೋಮಿನ ಆಜ್ಞೆಯೋ ಗೋವೆಯ ಆಜ್ಞೆಯೋ, ಯಾರ ಅಪ್ಪಣೆ ನಡೆಯಬೇಕು ಎಂದು ಜನ ಗೊಂದಲಕ್ಕೆ ಬಿದ್ದಿದ್ದರು. ವಾಜ್ 1687ರಲ್ಲಿ ಸಿಂಹಳಕ್ಕೆ ಹೋದರು, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಪ್ರೊಟೆಸ್ಟೆಂಟರ ಕಥೆಯೂ ನಮ್ಮ ನೆರೆಯದ್ದೇ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಅವರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಪೇಟೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. 1846ರಲ್ಲಿ ಮೋಗ್ಲಿಂಗರು ಅವರನ್ನು ಬಾಸೆಲಿಗೆ ಕರೆದೊಯ್ದರು. ಐದು ವರ್ಷ ಅಲ್ಲಿ ಓದಿ 1851ರಲ್ಲಿ ದೀಕ್ಷೆ ಪಡೆದು ಕೌಂಡಿನ್ಯರು ಊರಿಗೆ ಮರಳಿದರು. ಉಪದೇಶಿಯೆಂಬ ಕೆಳದರ್ಜೆಯಲ್ಲಿ ಅಲ್ಲ, ಯುರೋಪಿಯನರಿಗೆ ಸಮಾನವಾಗಿ, ಪೂರ್ಣ ಮಿಶನರಿಯಾಗಿ. ಮಂಗಳೂರಿನ ಸೆಮಿನರಿಯಲ್ಲಿ ಅವರು ಪಾಠ ಹೇಳಿದರು. ಕೊಡಗಿನ ಆನಂದಪುರ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಬಲ್ಮಠದಲ್ಲಿ ಅಂದು ಆರಂಭವಾದ ದೇವಜ್ಞಾನದ ವಿದ್ಯಾಭ್ಯಾಸವನ್ನು 1965ರಿಂದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಮುಂದುವರಿಸಿಕೊಂಡು ಬಂದಿದೆ.

ಇನ್ನು ಇಂದಿನ ಹಾದಿ. ಕಥೋಲಿಕರಲ್ಲಿ ಅದು ದೀರ್ಘವಾದದ್ದು. ಧರ್ಮಸಭೆಯ 1983ರ ಕಾನೂನು ಸಂಹಿತೆಯಂತೆ ತತ್ತ್ವಶಾಸ್ತ್ರ ಮತ್ತು ದೇವಶಾಸ್ತ್ರಗಳ ಓದಿಗೆ ಕಡಿಮೆಯೆಂದರೆ 6 ವರ್ಷ ಬೇಕು. 23 ತುಂಬದೆ ಡೀಕನ್ ಆಗುವಂತಿಲ್ಲ, 25 ತುಂಬದೆ ಯಾಜಕನಾಗುವಂತಿಲ್ಲ. ಎರಡು ದೀಕ್ಷೆಗಳ ನಡುವೆ ಕನಿಷ್ಠ 6 ತಿಂಗಳು ಕಳೆಯಬೇಕು. ಇವೆಲ್ಲ ಕನಿಷ್ಠ ಅವಧಿಗಳು. ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ನಮ್ಮ ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದವು. ಆದ್ದರಿಂದ ಇಲ್ಲಿನ ಹುಡುಗರ ಹಾದಿ ಮಂಗಳೂರಿನ ಕಡೆಗೇ ಹೋಗುತ್ತದೆ. 1956ರಲ್ಲಿ ಸರಕಾರ ಎಳೆದ ಗೆರೆಯನ್ನು ಇಗರ್ಜಿ ಎಳೆಯಲಿಲ್ಲ.

1947ರ ಸೆಪ್ಟೆಂಬರ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸ್ಥಳೀಯ ಸಭೆಯ ಶಿಫಾರಸು, ಮೇಲಿನವರ ಆಯ್ಕೆ, ದೇವಜ್ಞಾನದ ಪದವಿ, ಬಳಿಕ ಹಿರಿಯ ಸಭಾಪಾಲಕರ ಕೈಕೆಳಗೆ ಅಭ್ಯಾಸ, ಕೊನೆಗೆ ಬಿಷಪರು ತಲೆಯ ಮೇಲೆ ಕೈಯಿರಿಸಿ ಕೊಡುವ ದೀಕ್ಷೆ ಎಂಬ ಕ್ರಮವಿದೆ. ಸ್ವತಂತ್ರ ಪ್ರಾರ್ಥನಾ ಮಂದಿರಗಳಲ್ಲಿ ಇಂಥ ಒಂದೇ ಕ್ರಮವಿಲ್ಲ. ಕೆಲವೆಡೆ ಬೈಬಲ್ ಶಾಲೆಯಲ್ಲಿ ಓದಿದವರಿದ್ದಾರೆ, ಕೆಲವೆಡೆ ಹಿರಿಯ ಪಾಸ್ಟರರ ಆಶೀರ್ವಾದವೇ ಸಾಕು. ಅವರ ಭಕ್ತಿಯನ್ನು ಅಳೆಯುವ ಕೆಲಸ ನಮ್ಮದಲ್ಲ. ಆದರೆ ಮದುವೆಯ ವಿಷಯಕ್ಕೆ ಬಂದಾಗ ಮಾತು ಬೇರೆ.

1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 5ನೆಯ ಕಲಮು ಯಾರು ಮದುವೆ ನಡೆಸಬಹುದೆಂದು ಹೇಳುತ್ತದೆ. ಬಿಷಪರಿಂದ ದೀಕ್ಷೆ ಪಡೆದವರು ತಮ್ಮ ಸಭೆಯ ನಿಯಮದಂತೆ ನಡೆಸಬಹುದು. ಉಳಿದ ಸಭೆಗಳ ಪಾಸ್ಟರುಗಳಿಗೆ ಸಾಮಾನ್ಯವಾಗಿ ಸರಕಾರದ ಲೈಸೆನ್ಸು ಬೇಕು. ಅಧಿಕಾರವಿಲ್ಲದೆ ಮದುವೆ ನಡೆಸಿದವನಿಗೆ 68ನೆಯ ಕಲಮಿನಂತೆ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 1956ರ ನವಂಬರ 1ರ ಮೊದಲು ತಿರುವಾಂಕೂರು–ಕೊಚ್ಚಿಯಲ್ಲಿದ್ದ ಪ್ರದೇಶಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ನಮ್ಮ ಕಾಸರಗೋಡು ಆಗ ಮದ್ರಾಸು ರಾಜ್ಯದಲ್ಲಿತ್ತು, ಆದ್ದರಿಂದ ಇಲ್ಲಿಗೆ ಅನ್ವಯಿಸುತ್ತದೆ. ಇದಲ್ಲದೆ 2008ರ ಕೇರಳದ ನಿಯಮಗಳಂತೆ ಯಾವ ಮತದ ಮದುವೆಯಾದರೂ ಸ್ಥಳೀಯಾಡಳಿತದಲ್ಲಿ ನೋಂದಾಯಿಸಲೇಬೇಕು.

ಚಿಂಬಲಿನಲ್ಲಿ ಲೆಕ್ಕ ಮತ್ತೂ ಬೇರೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದ ಕುಟುಂಬ ಕಾನೂನು 1961ರ ಬಳಿಕವೂ ಉಳಿದಿದೆ. ಕಥೋಲಿಕರು ಸಿವಿಲ್ ರಿಜಿಸ್ಟ್ರಾರರಿಂದ ಆಕ್ಷೇಪವಿಲ್ಲವೆಂಬ ಪತ್ರ ತಂದು ಇಗರ್ಜಿಯಲ್ಲಿ ಮದುವೆಯಾದರೆ ಅದಕ್ಕೆ ಕಾನೂನಿನ ಬಲ ಸಿಗುತ್ತದೆ. ಉಳಿದವರು ಯಾವ ಪಾಸ್ಟರರ ಮುಂದೆ, ಯಾವ ಪುರೋಹಿತರ ಮುಂದೆ ಮದುವೆಯಾದರೂ ರಿಜಿಸ್ಟ್ರಾರರ ಕಚೇರಿಯ ಮೆಟ್ಟಲು ಹತ್ತಲೇಬೇಕು. ಇದನ್ನು ಅರಿಯದ ಕೂಲಿ ಕುಟುಂಬವೊಂದರಲ್ಲಿ ನಾಳೆ ಗಂಡ ತೀರಿಹೋದರೆ, ಹೆಂಡತಿ ತಾನು ಹೆಂಡತಿಯೆಂದು ತೋರಿಸಲು ಕಾಗದಕ್ಕಾಗಿ ಅಲೆಯಬೇಕಾಗುತ್ತದೆ. ಪಾದ್ರಿಯ ಮಾನ್ಯತೆಯೆಂಬುದು ನಿಲುವಂಗಿಯ ಗೌರವದ ವಿಷಯ ಮಾತ್ರವಲ್ಲ, ಬಡ ಹೆಂಗಸಿನ ಹಕ್ಕಿನ ವಿಷಯವೂ ಹೌದು.

ಆದ್ದರಿಂದ ಮನೆಯ ಹುಡುಗನೊಬ್ಬ ಪಾಸ್ಟರನಾಗುತ್ತೇನೆಂದು ಹೊರಟರೆ ಹೆತ್ತವರು ಕೆಲವು ಮಾತು ಕೇಳಿ ತಿಳಿಯಬೇಕು. ಎಲ್ಲಿ ಓದುತ್ತಾನೆ? ಯಾರು ದೀಕ್ಷೆ ಕೊಡುತ್ತಾರೆ? ಮದುವೆ ನಡೆಸುವ ಅಧಿಕಾರ ಕೈಗೆ ಬರುವುದೇ? ಮತ್ತೂ ಒಂದು ಮಾತು: ತನ್ನ ಜನರ ಭಾಷೆಯಲ್ಲಿ ಅವರ ದುಃಖ ಕೇಳಲು ಅವನಿಗೆ ಬರುತ್ತದೆಯೇ?

ಕೊನೆಯ ಪ್ರಶ್ನೆಗೆ ಯಾವ ಸೆಮಿನರಿಯೂ ಸರ್ಟಿಫಿಕೇಟು ಕೊಡುವುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರೇ ಬೇಕೆಂದು ನಾವು ಕೇಳುತ್ತ ಬಂದಿದ್ದೇವೆ. ಶಿಕ್ಷಕನಿಗೆ ತರಬೇತಿಯ ಅರ್ಹತೆ ಬೇಕು, ಸರಿ. ಅರ್ಹತೆ ಇದ್ದೂ ಮಕ್ಕಳ ಮಾತು ತಿಳಿಯದಿದ್ದರೆ ತರಗತಿ ಮೂಕವಾಗುತ್ತದೆ. ಹಾಗೆಯೇ ಮಾತು ಮಾತ್ರ ಇದ್ದು ಅರ್ಹತೆಯಿಲ್ಲದಿದ್ದರೆ ಮಕ್ಕಳ ಓದು ಕೆಡುತ್ತದೆ. ಎರಡೂ ಒಟ್ಟಿಗೆ ಬೇಕೆನ್ನುವುದು ದುರಾಸೆಯಲ್ಲ. ಚಿಂಬಲಿನ ಆ ಪಾದ್ರಿಗಳು ಓದಿನಲ್ಲಿ ಕಡಿಮೆಯಿರಲಿಲ್ಲ, ದೀಕ್ಷೆಯೂ ಇತ್ತು. ತಮ್ಮ ನಾಡಿನಲ್ಲಿ ಸಮಾನರೆಂಬ ಮಾನ್ಯತೆಯೊಂದೇ ಇರಲಿಲ್ಲ. ಅದನ್ನು ಯಾರೂ ತಂದುಕೊಡುವುದಿಲ್ಲವೆಂದು ತಿಳಿದ ದಿನ ಅವರು ಕಲ್ಲು ಹೊತ್ತು ಮಠ ಕಟ್ಟಿದರು.